ನೆರಳಿಲ್ಲದ ದಾರಿ

ಅರಿಜೋನಾದಿಂದ ಕ್ಯಾಲಿಫೋರ್ನಿಯಾದ ಮನೆಗೆ ಎರಡು ಬೆಕ್ಕುಗಳೊಂದಿಗೆ ಆರ್‌ವಿಯಲ್ಲಿ, ಅಂದರೆ ಒಳಗೇ ವಾಸಿಸಬಹುದಾದ ದೊಡ್ಡ ವಾಹನದಲ್ಲಿ, ಮರಳುವಾಗ, ಮೊಹಾವಿ ಮರುಭೂಮಿಯ ನಡುವೆ ಇಂಟರ್‌ಸ್ಟೇಟ್ 40 ಹೆದ್ದಾರಿಯಲ್ಲಿ ನೀಡಲ್ಸ್‌ನಿಂದ ಬಾರ್‌ಸ್ಟೋವರೆಗೆ ಸಾಗುವ ಸುಮಾರು 230 ಕಿಲೋಮೀಟರ್ ನನಗೆ ಪ್ರತಿಸಲವೂ ಜೀವ ಕೈಯಲ್ಲಿ ಹಿಡಿದ ದಾರಿ. ಚಾವಣಿಯ ಏಸಿಗೆ ದಾರಿಯಲ್ಲಿ ಜನರೇಟರ್ ಒಂದೇ ಆಧಾರ, ಮೊನ್ನೆ ಅದೇ ಬಿಸಿಲಿಗೆ ಕೈಕೊಟ್ಟಿತು.

ಬೆಕ್ಕುಗಳು ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಅಂಗಾಲಿನಲ್ಲಷ್ಟೇ ಬೆವರುತ್ತವೆ, ಅವು ಬಾಯಿ ತೆರೆದು ಏದುಸಿರು ಬಿಡತೊಡಗಿದರೆ ಅದು ಅಪಾಯದ ಸೂಚನೆ. ನಮ್ಮ ಹಿರಿಯ ಬೆಕ್ಕು ಸಿಂಕಿನ ಸ್ಟೀಲಿಗೆ ಹೊಟ್ಟೆ ಅಂಟಿಸಿ ಹಾಗೆಯೇ ಏದುತ್ತಿತ್ತು. ಕಿರಿಯದು ಚಾಲಕನ ಸೀಟಿನಡಿ ಸೇರಿಕೊಂಡು, ಮುಂದಿಟ್ಟ ನೀರನ್ನೂ ಮೂಸಲಿಲ್ಲ.

ಸಿಕ್ಕಿದ ವಿಶ್ರಾಂತಿ ತಾಣದಲ್ಲಿ ನೆರಳಿದ್ದ ಜಾಗವೆಲ್ಲ ಸಣ್ಣ ಕಾರುಗಳ ಅಳತೆಗೆ ಗೆರೆ ಎಳೆದದ್ದು. ಉದ್ದದ ವಾಹನಗಳಿಗೆ ಮಾತ್ರ ಒಂದು ಗಿಡವೂ ಇಲ್ಲದ, ಕಾದು ಹೊಗೆಯಾಡುವಂತಿದ್ದ ಡಾಂಬರು. ಒಳಗೆ ಜೀವಗಳನ್ನಿಟ್ಟುಕೊಂಡು ದಿನಗಟ್ಟಲೆ ಪಯಣಿಸುವವರೇ ನಿಲ್ಲುವ ಸಾಲಿಗೆ ಒಂದು ತಗಡಿನ ಚಪ್ಪರವನ್ನಾದರೂ ಹಾಕಬಾರದೇ? ಒದ್ದೆ ಬಟ್ಟೆಯಿಂದ ಅವುಗಳ ಕಿವಿ, ಪಾದಗಳನ್ನು ಒರೆಸುತ್ತ ಮುಕ್ಕಾಲು ಗಂಟೆ ಕುಳಿತೆ. ಎದುರಿನ ನೆರಳಿನಲ್ಲಿ ನಾಲ್ಕು ಜಾಗಗಳು ಅಷ್ಟು ಹೊತ್ತೂ ಖಾಲಿಯೇ ಇದ್ದವು.