ಕಂಪ್ಯೂಟರ್ ವರ ಕೊಟ್ಟರೂ ಆಪರೇಟರ್ ಕೊಡ

ಜನರಿಗೆ ಕಂಪ್ಯೂಟರ್ ಮೇಲಿನ ಆಸಕ್ತಿ ಹೊರಟುಹೋಗಿದೆಯಂತೆ. ತಜ್ಞರು ಹೇಳುತ್ತಿದ್ದಾರೆ. ಹಾಗೆ ಹೇಳಲು ಶುರು ಮಾಡಿ ಹದಿನೈದು ವರ್ಷ ದಾಟಿತು, ಆದರೂ ಪ್ರತಿ ಸಲ ಬಿಸಿಬಿಸಿ ಸುದ್ದಿಯಂತೆಯೇ ಹೇಳುತ್ತಾರೆ. ಅದೂ ಎಲ್ಲಿ ಕೂತು? ಕಂಪ್ಯೂಟರ್ ಮುಂದೆ. ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿ, ಪವರ್‌ಪಾಯಿಂಟ್‌ನಲ್ಲಿ ಕೆಳಕ್ಕೆ ಜಾರುವ ಕೆಂಪು ಗೆರೆ ಎಳೆದು, ಪಿಸಿ ಕತೆ ಮುಗೀತು ಅಂತ ಅದೇ ಪಿಸಿಯಿಂದ ಎಲ್ಲರಿಗೂ ಮೇಲ್ ಮಾಡುತ್ತಾರೆ.

ಇದಕ್ಕೆ ಮುಹೂರ್ತ ಇಟ್ಟವರು ಆ್ಯಪಲ್‌ನ ಸ್ಟೀವ್ ಜಾಬ್ಸ್. ಇನ್ನು ಮುಂದೆ ಪಿಸಿಗಳು ಲಾರಿಗಳ ಹಾಗೆ, ಬೇಕಾಗುವುದು ಕೆಲವರಿಗೆ ಮಾತ್ರ ಎಂದು 2010ರಲ್ಲಿ ಅವರು ಹೇಳಿದರು. ಪಾಪ, ನಮ್ಮ ಲಾರಿ ಮುಷ್ಕರ ಅವರು ನೋಡಿರಲಿಲ್ಲ. ಮರುವರ್ಷ ಜಗತ್ತಿನಲ್ಲಿ 35 ಕೋಟಿಗೂ ಜಾಸ್ತಿ ಪಿಸಿಗಳು ಮಾರಾಟವಾದವು. ಅದೇ 2011ರ ಆಗಸ್ಟ್‌ನಲ್ಲಿ, ಆಗ ಎಲ್ಲರಿಗಿಂತ ಹೆಚ್ಚು ಪಿಸಿ ಮಾರುತ್ತಿದ್ದ ಎಚ್‌ಪಿ ಕಂಪನಿ, ಈ ವ್ಯಾಪಾರವನ್ನೇ ಬಿಡುವ ಯೋಚನೆ ಇದೆ ಎಂದಿತು. ಅಕ್ಟೋಬರ್‌ನಲ್ಲಿ, ಇಲ್ಲ ಇಲ್ಲ, ಇರಲಿ ಬಿಡಿ ಎಂದಿತು. ನಡುವೆ ಸೆಪ್ಟೆಂಬರ್‌ನಲ್ಲಿ ಸಿಇಒ ಮನೆಗೆ ಹೋಗಿದ್ದರು.

ಆಮೇಲೆ ಮಾರಾಟ ಇಳಿಯಿತು, ನಿಜ. ತಜ್ಞರು ಮತ್ತೆ ಗೆರೆ ಎಳೆದರು. ಅಷ್ಟರಲ್ಲಿ ಕೊರೊನಾ ಬಂತು. ಮಕ್ಕಳ ಪಾಠ, ಅಪ್ಪನ ಆಫೀಸು, ಅತ್ತೆಯ ಭಜನೆ ಮಂಡಳಿ ಎಲ್ಲ ಒಂದೇ ಡೈನಿಂಗ್ ಟೇಬಲ್ ಮೇಲೆ ನಡೆಯತೊಡಗಿದವು. 2021ರಲ್ಲಿ ಮತ್ತೆ 34 ಕೋಟಿ ಆಸುಪಾಸು. ಎರಡು ವರ್ಷ ಬಿಟ್ಟು 25 ಕೋಟಿಯ ಹತ್ತಿರ. ಪಿಸಿ ಸತ್ತಿತು ಎಂದು ಮತ್ತೆ ಘೋಷಣೆ. ವರ್ಷಕ್ಕೆ 25 ಕೋಟಿ ಮಾರಾಟವಾಗುವ ಹೆಣವನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಇರಲಿ, ಇದು ಜಗತ್ತಿನ ಮಾತು. ನಮ್ಮಲ್ಲೂ ಕೆಲವರು ಗಂಭೀರವಾಗಿ ಗಲ್ಲಕ್ಕೆ ಕೈ ಕೊಟ್ಟು ಕೇಳುತ್ತಾರೆ, ಭಾರತೀಯರಿಗೆ ಪಿಸಿ ಸಾಕಾಯಿತೇ ಅಂತ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಲೆಕ್ಕ ನೋಡಿ. ದೇಶದ ನೂರು ಮನೆಗಳಲ್ಲಿ ಕಂಪ್ಯೂಟರ್ ಇದ್ದದ್ದು ಹೆಚ್ಚುಕಮ್ಮಿ 11 ಮನೆಗಳಲ್ಲಿ. ಹಳ್ಳಿಗಳಲ್ಲಿ ನೂರಕ್ಕೆ ನಾಲ್ಕು ಚಿಲ್ಲರೆ. ಲ್ಯಾಪ್‌ಟಾಪ್, ಟ್ಯಾಬ್ಲೆಟ್ ಎಲ್ಲ ಸೇರಿಸಿಯೇ ಇಷ್ಟು. ಉಳಿದ 89 ಮನೆಯವರು ಯಾವಾಗ ಆಸಕ್ತಿ ಕಳೆದುಕೊಂಡರು ಅಂತ ಯಾರಾದರೂ ಹೇಳಬೇಕು. ಮನೆಗೇ ಬರದ ವಸ್ತುವಿನ ಮೇಲೆ ಬೇಜಾರು ಪಟ್ಟುಕೊಳ್ಳುವ ವಿದ್ಯೆ ನಮಗಿನ್ನೂ ಸಿದ್ಧಿಸಿಲ್ಲ.

ಅಷ್ಟಕ್ಕೂ ನಮಗೆ ಕಂಪ್ಯೂಟರ್ ಮೇಲೆ ಆಸಕ್ತಿ ಎಲ್ಲಿತ್ತು? ಇದ್ದದ್ದು ಭಕ್ತಿ. ತೊಂಬತ್ತರ ದಶಕದಲ್ಲಿ, ಅದರ ಆಚೀಚೆ ಶಾಲೆಗೆ ಹೋದವರನ್ನು ಕೇಳಿ. ಲ್ಯಾಬ್ ಅಂದರೆ ಗರ್ಭಗುಡಿ. ಚಪ್ಪಲಿ ಹೊರಗೆ ಬಿಡಬೇಕು. ಒಳಗೆ ಪರದೆ, ಎಸಿ, ಮಂದ ಬೆಳಕು. ಹೆಡ್‌ಮಾಸ್ಟರ್ ರೂಮಿನಲ್ಲಿ ಕಿರುಗುಟ್ಟುವ ಫ್ಯಾನು, ಕಂಪ್ಯೂಟರಿಗೆ ಮಾತ್ರ ತಣ್ಣನೆಯ ಗಾಳಿ. ಒಂದು ಯಂತ್ರಕ್ಕೆ ಮೂವರು. ಒಬ್ಬ ಮೌಸ್ ಮುಟ್ಟಬೇಕು, ಇಬ್ಬರು ದರ್ಶನ ಮಾಡಬೇಕು. ಧೂಳು ಬಂದರೆ ವೈರಸ್ ಬರುತ್ತೆ ಅಂತ ಮೇಡಂ ಹೆದರಿಸುತ್ತಿದ್ದರು. ಚಪ್ಪಲಿಯಿಂದ ಹರಡುವ ಕಂಪ್ಯೂಟರ್ ವೈರಸ್ ಕಂಡುಹಿಡಿದ ಕೀರ್ತಿ ನಮ್ಮದೇ ಇರಬೇಕು. ಪರೀಕ್ಷೆಯಲ್ಲಿ ಮೊದಲ ಪ್ರಶ್ನೆ, ಕಂಪ್ಯೂಟರಿನ ಪಿತಾಮಹ ಯಾರು? ಚಾರ್ಲ್ಸ್ ಬ್ಯಾಬೇಜ್. ಗೋತ್ರ, ಪ್ರವರ ಎಲ್ಲ ಬಾಯಿಪಾಠ. ಆನ್ ಮಾಡುವುದು ಮಾತ್ರ ಗೊತ್ತಿಲ್ಲ.

ಮನೆಗೆ ತಂದವರ ಕತೆಯೂ ಅದೇ. ಮಾನಿಟರಿಗೆ ನೆರಿಗೆ ಇಟ್ಟು ಹೊಲಿದ ಗವಸು, ಸಿಪಿಯುಗೆ ಬೇರೆ ಗವಸು. ನೆಂಟರು ಬಂದರೆ ಗವಸು ತೆಗೆದು ತೋರಿಸಿ ಮತ್ತೆ ಮುಚ್ಚುವುದು. ಆಯುಧಪೂಜೆ ದಿನ ಮೂರು ಬೆರಳು ವಿಭೂತಿ, ನಡುವೆ ಕುಂಕುಮ, ಮೇಲೆ ಸೇವಂತಿಗೆ. ಈಗಲೂ ಬೆಂಗಳೂರಿನ ಎಷ್ಟೋ ಆಫೀಸುಗಳಲ್ಲಿ ಈ ಪೂಜೆ ನಡೆಯುತ್ತದೆ. ಹಬ್ಬ ಮುಗಿದ ಸೋಮವಾರ ಎಂಟರ್ ಕೀ ಸಂದಿಯಲ್ಲಿ ಇಳಿದ ಕುಂಕುಮವನ್ನು ಗುಂಡುಸೂಜಿಯಲ್ಲಿ ಕೆದಕುವ ಎಂಜಿನಿಯರನ್ನು ನೀವೂ ನೋಡಿರುತ್ತೀರಿ.

ದೇವರು ಅಂದಮೇಲೆ ಪೂಜಾರಿ ಇರಲೇಬೇಕು. ಅವನ ಹತ್ತಿರ ಆಮೇಲೆ ಹೋಗೋಣ. ಮೊದಲು ಭಕ್ತರು ಕಮ್ಮಿಯಾದರು ಅಂತ ಗುಡಿಗೆ ಸುಣ್ಣಬಣ್ಣ ಹೊಡೆಸಿದವರ ಕಡೆ ನೋಡಬೇಕು.

ಮೈಕ್ರೋಸಾಫ್ಟ್ 2012ರಲ್ಲಿ ವಿಂಡೋಸ್ 8 ತಂದು, ಎಲ್ಲರ ಕೈಗೂ ಅಭ್ಯಾಸವಾಗಿದ್ದ ಸ್ಟಾರ್ಟ್ ಬಟನ್ ಕಿತ್ತುಹಾಕಿತು. ಜನ ಕಂಪ್ಯೂಟರ್ ಆಫ್ ಮಾಡುವುದು ಎಲ್ಲಿ ಅಂತ ಹುಡುಕಿ ಸುಸ್ತಾದರು. ಆಸಕ್ತಿ ಹೆಚ್ಚಿಸಲು ಇದೂ ಒಂದು ಉಪಾಯವೇ, ಆಫ್ ಮಾಡಲು ಬಿಡದಿದ್ದರೆ ಆಯಿತಲ್ಲ. ಮರುವರ್ಷ ಬಟನ್ ವಾಪಸ್ ಬಂತು. ಆ್ಯಪಲ್ 2017ರಲ್ಲಿ ಒಂದು ಜಾಹೀರಾತು ಮಾಡಿತು. ಹುಡುಗಿಯೊಬ್ಬಳು ದಿನವಿಡೀ ಐಪ್ಯಾಡ್ ಹಿಡಿದು ಓಡಾಡುತ್ತಾಳೆ. ಕಂಪ್ಯೂಟರಲ್ಲಿ ಏನ್ ಮಾಡ್ತಿದ್ದೀಯಾ ಅಂತ ಪಕ್ಕದವರು ಕೇಳಿದರೆ, ಕಂಪ್ಯೂಟರ್ ಅಂದರೇನು ಎನ್ನುತ್ತಾಳೆ. ಆಮೇಲೆ ಅದೇ ಕಂಪನಿ ಐಪ್ಯಾಡಿಗೆ ಟ್ರ್ಯಾಕ್‌ಪ್ಯಾಡ್ ಇರುವ ಕೀಬೋರ್ಡ್ ಮಾರಿತು. 2025ರಲ್ಲಿ ಕಂಪ್ಯೂಟರಿನ ಹಾಗೆ ಪರದೆಯ ಮೇಲಿನ ಕಿಟಕಿಗಳನ್ನು ಎಳೆದು ಜೋಡಿಸುವ ಸೌಲಭ್ಯ, ಮೇಲೆ ಮೆನು ಪಟ್ಟಿ ಎಲ್ಲ ಕೊಟ್ಟಿತು. ಹುಡುಗಿಗೆ ಎಂಟು ವರ್ಷದ ಮೇಲೆ ಉತ್ತರ ಸಿಕ್ಕಿತು. ಕೈಯಲ್ಲಿರೋದೇ ಕಣಮ್ಮ.

ಈಗ ಎಐ ಕಾಲ. 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಕೀಬೋರ್ಡಿಗೆ ಹೊಸ ಕೀ ಬರುತ್ತದೆ ಎಂದು ಸಾರಿತು. ಹೆಸರು ಕೋಪೈಲಟ್, ಅಂದರೆ ಕಂಪನಿಯ ಎಐ ಸಹಾಯಕ. ಮೂವತ್ತು ವರ್ಷದ ಹಿಂದೆ ವಿಂಡೋಸ್ ಕೀ ಬಂದ ಮೇಲೆ ಇಂಥ ದೊಡ್ಡ ಬದಲಾವಣೆ ಇದೇ ಮೊದಲಂತೆ. ಅದೇ ವರ್ಷ ಮೇ ತಿಂಗಳಲ್ಲಿ ‘ಕೋಪೈಲಟ್ ಪ್ಲಸ್’ ಎಂಬ ಎಐ ಪಿಸಿಯ ಘೋಷಣೆಯಾಯಿತು. ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ ಮಾಡುವ ಚಿಪ್ ಒಳಗಿರಬೇಕು, ಹೊರಗೊಂದು ಸ್ಟಿಕರ್ ಇರಬೇಕು. ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ ಮಾಡಿ ಅದು ಏನು ಮಾಡುತ್ತದೆ? ನಿಮ್ಮ ಮೇಲ್‌ಗೆ ‘ಧನ್ಯವಾದಗಳು, ಗಮನಿಸಿದ್ದೇನೆ’ ಅಂತ ಉತ್ತರ ಬರೆಯುತ್ತದೆ.

ಹೊಸದು ಕೊಳ್ಳದವರಿಗೆ ಬೇರೆ ಔಷಧಿ. 2015ರಲ್ಲಿ ಬಂದ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತು. ವಿಂಡೋಸ್ 11 ಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಇಂಥ ಪೀಳಿಗೆಯದೇ ಆಗಬೇಕು. ಚೆನ್ನಾಗಿ ಓಡುತ್ತಿದ್ದ ಯಂತ್ರಗಳೆಲ್ಲ ಒಂದು ದಿನ ಬೆಳಗ್ಗೆ ಏಳುವಷ್ಟರಲ್ಲಿ ಮುದುಕರಾದವು. ಮನೆಬಳಕೆಯವರಿಗೆ ಒಂದು ವರ್ಷದ ಮಟ್ಟಿಗೆ ಭದ್ರತಾ ಅಪ್‌ಡೇಟಿನ ಜೀವದಾನ ಕೊಟ್ಟರು, ಅಷ್ಟೇ.

ಸರಿ, ಹೋಗಲಿ, ಹೊಸದೇ ಕೊಳ್ಳೋಣ ಅಂತ ಬೆಂಗಳೂರಿನ ಕಂಪ್ಯೂಟರ್ ಸಂತೆಯಾದ ಎಸ್‌ಪಿ ರೋಡಿಗೆ ಹೊರಟಿರಿ ಅಂದುಕೊಳ್ಳಿ. ಎಐ ಪಿಸಿಗೆ 16 ಜಿಬಿ ಮೆಮೊರಿ, ಅಂದರೆ ರ‍್ಯಾಮ್ ಬೇಕು. ರ‍್ಯಾಮ್ ಎಲ್ಲಿ? ಎಐ ತಿಂದಿದೆ. ದೊಡ್ಡ ದೊಡ್ಡ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ಪನ್ನೆಲ್ಲ ಬಾಚಿಕೊಂಡು ಹೋಗಿ 2025ರ ಕೊನೆಗೆ ಬೆಲೆ ಮೇಲೇರಿತು. ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ, ಕ್ರೂಶಿಯಲ್ ಹೆಸರಿನಲ್ಲಿ ಸಾಮಾನ್ಯ ಗ್ರಾಹಕರಿಗೆ ರ‍್ಯಾಮ್, ಎಸ್‌ಎಸ್‌ಡಿ ಮಾರುವುದನ್ನೇ ನಿಲ್ಲಿಸುತ್ತೇನೆ ಎಂದಿತು. ಅಂದರೆ ಎಐಗಾಗಿ ನೀವು ಹೊಸ ಪಿಸಿ ಕೊಳ್ಳಬೇಕು, ಎಐಯಿಂದಾಗಿ ಕೊಳ್ಳಲು ಆಗಬಾರದು. ಇಷ್ಟಾದ ಮೇಲೂ ನೀವು ಅಂಗಡಿಯಿಂದ ಬರಿಗೈಯಲ್ಲಿ ಬಂದರೆ, ಜನರಿಗೆ ಆಸಕ್ತಿ ಇಲ್ಲ ಎಂದು ವರದಿಯಲ್ಲಿ ಬರೆದುಕೊಳ್ಳುತ್ತಾರೆ.

ನಮ್ಮ ಸರ್ಕಾರವೂ ಹಿಂದೆ ಬಿದ್ದಿಲ್ಲ. 2023ರ ಆಗಸ್ಟ್ 3ರಂದು, ಲ್ಯಾಪ್‌ಟಾಪ್ ಮತ್ತು ಪಿಸಿ ಆಮದಿಗೆ ಲೈಸೆನ್ಸ್ ಬೇಕು, ಈಗಿಂದೀಗಲೇ ಜಾರಿ ಎಂದಿತು. ಮಾರನೇ ದಿನ, ತಡೀರಿ, ಅಕ್ಟೋಬರ್ ಕೊನೆವರೆಗೆ ಟೈಮ್ ಕೊಟ್ಟಿದ್ದೇವೆ ಎಂದಿತು. ಆಮೇಲೆ ಲೈಸೆನ್ಸ್ ಹೋಗಿ ಆನ್‌ಲೈನ್ ಅನುಮತಿ ಬಂತು. ಆ ಅನುಮತಿಗೆ ಅರ್ಜಿ ಹಾಕಲು ಏನು ಬೇಕು ಅಂತ ಬೇರೆ ಹೇಳಬೇಕೇ?

ಇನ್ನು ಕಂಪ್ಯೂಟರಿನಿಂದಲೇ ಅನ್ನ ತಿನ್ನುವವರು. ಅವರ ಆಸಕ್ತಿಯನ್ನು ಅನುಮಾನಿಸುವ ಹಾಗೇ ಇಲ್ಲ, ಯಾಕೆಂದರೆ ಅದನ್ನು ಅಳೆಯಲು ಸಾಫ್ಟ್‌ವೇರ್ ಇದೆ. ಐದು ನಿಮಿಷ ಮೌಸ್ ಅಲ್ಲಾಡದಿದ್ದರೆ ಹೆಸರಿನ ಪಕ್ಕದ ಹಸಿರು ಚುಕ್ಕಿ ಹಳದಿಯಾಗುತ್ತದೆ, ಮ್ಯಾನೇಜರ್ ಮುಖ ಕೆಂಪಾಗುತ್ತದೆ. ಅದಕ್ಕೆ ಮೌಸ್ ಜಿಗ್ಲರ್ ಎಂಬ ಯಂತ್ರ ಬಂದಿದೆ. ಮೌಸನ್ನು ಅದರ ಮೇಲೆ ಇಟ್ಟರೆ ಸಾಕು, ನೀವು ಕಾಫಿ ಕುಡಿಯುವಾಗ ಅದು ಸುಮ್ನೆ ಆ ಕಡೆ ಈ ಕಡೆ ಅಲ್ಲಾಡಿಸುತ್ತಾ ಇರುತ್ತದೆ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕ್, ಕೀಬೋರ್ಡ್ ಒತ್ತುತ್ತಿರುವಂತೆ ನಾಟಕ ಮಾಡಿದರೆಂದು ಹನ್ನೆರಡಕ್ಕೂ ಹೆಚ್ಚು ಜನರನ್ನು ತೆಗೆದುಹಾಕಿದ ಸುದ್ದಿ 2024ರಲ್ಲಿ ಬಂತು. ನನಗೆ ಅನುಕಂಪ ಯಂತ್ರದ ಮೇಲೆ. ಇಡೀ ಆಫೀಸಿನಲ್ಲಿ ಪ್ರಾಮಾಣಿಕವಾಗಿ ಕಂಪ್ಯೂಟರಿನಲ್ಲಿ ಆಸಕ್ತಿ ತೋರಿಸುತ್ತಿದ್ದದ್ದು ಅದೊಂದೇ.

ಈಗ ಪೂಜಾರಿಯ ಹತ್ತಿರ ಬರೋಣ. ಯಾವ ತಾಲ್ಲೂಕು ಕಚೇರಿಯ ಎದುರು ಹೋದರೂ ಒಂದು ಜೆರಾಕ್ಸ್ ಅಂಗಡಿ ಇರುತ್ತದೆ. ಬೋರ್ಡಿನಲ್ಲಿ ಸೈಬರ್ ಎಂದೂ ಇರುತ್ತದೆ. ಒಳಗೆ ಒಂದೇ ಕಂಪ್ಯೂಟರ್. ಕೀಬೋರ್ಡಿನ ಅಕ್ಷರಗಳು ಅಳಿಸಿ ಯಾವುದೋ ಕಾಲವಾಗಿದೆ. ಸಿಪಿಯು ಮೇಲೆ ಹೋದ ದಸರೆಯ ವಿಭೂತಿ, ಅದರ ಮೇಲೆ ಈ ದಸರೆಯ ವಿಭೂತಿ. ತಜ್ಞರ ಕೆಂಪು ಗೆರೆ ಇಲ್ಲಿಗೆ ತಲುಪಿಲ್ಲ. ಬೆಳಗ್ಗೆ ಒಂಬತ್ತಕ್ಕೇ ಜನ ಜಮಾಯಿಸಿರುತ್ತಾರೆ. ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಕೆಲವರದು ಆ ಕಂಪ್ಯೂಟರಿಗಿಂತ ದುಬಾರಿ. ಎಲ್ಲ ಮೊಬೈಲಲ್ಲೇ ಆಗುತ್ತೆ ಅಂತ ಜಾಹೀರಾತು ಹೇಳಿದೆ. ಅರ್ಜಿ ಮಾತ್ರ ಮೊಬೈಲಲ್ಲಿ ತೆರೆದರೆ ‘ಸಬ್ಮಿಟ್’ ಬಟನ್ ಪರದೆಯಿಂದ ಆಚೆ ಎಲ್ಲೋ ಪಕ್ಕದ ಓಣಿಯಲ್ಲಿ ಇರುತ್ತದೆ.

ಫೋಟೊ 50 ಕೆಬಿ ಮೀರಬಾರದು. ಸಹಿ 20 ಕೆಬಿ. ಜಾತಿ ಪ್ರಮಾಣಪತ್ರ ಪಿಡಿಎಫ್ ಆಗಿರಬೇಕು, ಅದೂ ನೇರ ನಿಂತಿರಬೇಕು. 50 ಮೆಗಾಪಿಕ್ಸೆಲ್ ಕ್ಯಾಮೆರಾ ಇದೆ ಅಂತ ಫೋನ್ ಕೊಂಡ ಹುಡುಗ ಕೌಂಟರಿನ ಮುಂದೆ ನಿಂತು, ಅಣ್ಣಾ ಇದನ್ನ 50 ಕೆಬಿ ಮಾಡಿಕೊಡಿ ಎಂದು ಬೇಡುತ್ತಾನೆ. ದೊಡ್ಡದು ಮಾಡಲು ಸಾವಿರಾರು ರೂಪಾಯಿ, ಚಿಕ್ಕದು ಮಾಡಲು ಮೂವತ್ತು ರೂಪಾಯಿ. ಇನ್ನೊಬ್ಬರು ಮೊಬೈಲಿಗೆ ಮಾತಾಡಿಯೇ ಚಂದದ ಕನ್ನಡದಲ್ಲಿ ಅರ್ಜಿ ಬರೆಸಿ ತಂದಿರುತ್ತಾರೆ. ಒಳಗಿನ ಗುಮಾಸ್ತರು ಒಪ್ಪಲ್ಲ, ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿಸಿಕೊಂಡು ಬನ್ನಿ ಅಂತಾರೆ. ಬನ್ನಿ ಅಂದರೆ ಎಲ್ಲಿಗೆ? ಇಲ್ಲಿಗೇ.

ಇಲ್ಲಿ ಒಂದು ಮಂತ್ರ ಇದೆ. ‘ಸರ್ವರ್ ಇಲ್ಲ.’ ಆಪರೇಟರ್ ತಲೆ ಎತ್ತದೆ ಹೇಳುತ್ತಾನೆ. ಯಾವ ಸರ್ವರ್, ಎಲ್ಲಿಗೆ ಹೋಗಿದೆ, ಊಟಕ್ಕೆ ಬರುತ್ತಾ ಅಂತ ಯಾರೂ ಕೇಳುವುದಿಲ್ಲ. ದೇವರು ಇನ್ನೂ ಕಣ್ಣು ಬಿಟ್ಟಿಲ್ಲ ಎಂಬಂತೆ ತಲೆಯಾಡಿಸಿ ಹೊರಗಿನ ಬೆಂಚಿನಲ್ಲಿ ಕೂರುತ್ತಾರೆ. ಸರ್ವರ್ ಬಂತು ಅಂದ ಕೂಡಲೇ ನುಗ್ಗುತ್ತಾರೆ. ಒಟಿಪಿ ಬಂತಾ, ಬಂತು ಅಣ್ಣಾ, ಹೇಳಿ ಜೋರಾಗಿ. ಇಡೀ ಅಂಗಡಿಗೆ ಕೇಳುವಂತೆ ಆರಂಕಿಯ ಒಟಿಪಿ ಘೋಷಣೆಯಾಗುತ್ತದೆ. ಇಮೇಲ್ ಐಡಿ ಕೇಳಿದರೆ ಆಪರೇಟರ್ ತಾನೇ ಒಂದು ಸೃಷ್ಟಿಸುತ್ತಾನೆ. ಪಾಸ್‌ವರ್ಡ್ ಕೂಡ ಅವನೇ ಇಡುತ್ತಾನೆ. ಇಡೀ ತಾಲ್ಲೂಕಿಗೆ ಒಂದೇ ಪಾಸ್‌ವರ್ಡ್, ಅದು ಅವನ ಮಗಳ ಹೆಸರು, ಮುಂದೆ 123.

2024ರಲ್ಲಿ ಮೈಕ್ರೋಸಾಫ್ಟ್ ‘ರೀಕಾಲ್’ ಎಂಬ ಸೌಲಭ್ಯ ತರುತ್ತೇನೆ ಎಂದಾಗ ಜಗತ್ತೇ ಬೊಬ್ಬೆ ಹಾಕಿತು. ಕಂಪ್ಯೂಟರ್ ಆಗಾಗ ತನ್ನದೇ ಪರದೆಯ ಫೋಟೊ ತೆಗೆದು ಇಟ್ಟುಕೊಂಡರೆ ಖಾಸಗಿತನದ ಗತಿ ಏನು ಅಂತ. ಕಂಪನಿ ಹೆದರಿ ಅದನ್ನು ಮುಂದೂಡಿತು. ನಮ್ಮ ಅಂಗಡಿಯ ‘ಡೌನ್‌ಲೋಡ್ಸ್’ ಫೋಲ್ಡರ್ ಒಮ್ಮೆ ತೆರೆದು ನೋಡಬೇಕಿತ್ತು ಅವರು. ವಾಟ್ಸ್‌ಆ್ಯಪಿನಲ್ಲಿ ಬಂದ ಊರಿನ ಆಧಾರ್ ಕಾರ್ಡೆಲ್ಲ ಅಲ್ಲಿವೆ, ಮುಂಭಾಗ ಒಂದು, ಹಿಂಭಾಗ ಒಂದು. ಪಹಣಿ, ಪಾಸ್‌ಬುಕ್, ಮದುವೆ ಕಾಗದ, ಸ್ಕ್ಯಾನಿಂಗ್ ರಿಪೋರ್ಟ್, ಪಿಯುಸಿ ಅಂಕಪಟ್ಟಿ. ಯಾರಿಗೆ ಸಾಲ ಮಂಜೂರಾಯಿತು, ಯಾರ ಹೆಸರಲ್ಲಿ ಸ್ಪೆಲಿಂಗ್ ತಪ್ಪಿದೆ, ಯಾರ ಮಗ ಎಷ್ಟು ವಿಷಯದಲ್ಲಿ ಡುಮ್ಕಿ, ಎಲ್ಲ ಒಂದೇ ಕಡೆ. ಒಬ್ಬರೂ ಗಲಾಟೆ ಮಾಡಿಲ್ಲ. ಮಾಡಿದರೆ ನಾಳೆ ಸರ್ವರ್ ಇರಲ್ಲ.

ಹೀಗೆ ಮನೆಯಲ್ಲಿ ಕಂಪ್ಯೂಟರ್ ಇಲ್ಲದ ನೂರಾರು ಜನ ದಿನಾ ಅದರ ಮುಂದೆ ಸಾಲು ನಿಲ್ಲುತ್ತಾರೆ, ಕಾಣಿಕೆ ಹಾಕಿ ರಸೀದಿ ಹಿಡಿದು ಹೋಗುತ್ತಾರೆ. ತಜ್ಞರ ಲೆಕ್ಕದಲ್ಲಿ ಇವರು ಆಸಕ್ತಿ ಕಳೆದುಕೊಂಡವರ ಪಟ್ಟಿಯಲ್ಲಿದ್ದಾರೆ, ಯಾಕೆಂದರೆ ಇವರು ಪಿಸಿ ಕೊಂಡಿಲ್ಲ. ಆ ಅಂಗಡಿಯವನೂ ಹೊಸದು ಕೊಂಡಿಲ್ಲ. ವಿಂಡೋಸ್ 10ಕ್ಕೆ ಬೆಂಬಲ ನಿಂತುಹೋಗಿದೆ, ಇನ್ನು ಅಪಾಯ ಎಂದು ಪೇಪರಿನಲ್ಲಿ ಓದಿದ ಮೇಷ್ಟರೊಬ್ಬರು ಅವನನ್ನು ಎಚ್ಚರಿಸಲು ಹೋದರು.

‘ಅದು ಟೆನ್ ಇರೋರಿಗೆ ಸಾರ್’ ಎಂದ ಅವನು, ಒಟಿಪಿ ಒತ್ತುತ್ತಲೇ. ‘ನಮ್ದು ಸೆವೆನ್. ನಮಗೆ ಅದೆಲ್ಲ ಅನ್ವಯ ಆಗಲ್ಲ. ಫೋಟೊ ಎಷ್ಟು ಕೆಬಿ ಇದೆ ನಿಮ್ದು?’