ಕೋವಿಯ ಮೇಲಿನ ಕಿರೀಟ ರಾಜನದಲ್ಲ

ಕೈಲ್‌ಪೊಳ್ದ್ ಹಬ್ಬ ಬಂತೆಂದರೆ ಹಳೆಯ ಕೋವಿಗಳ ಚಿತ್ರಗಳ ಜೊತೆ ಒಂದು ಮಾತೂ ಮೊಬೈಲಿನಿಂದ ಮೊಬೈಲಿಗೆ ಹರಿಯುತ್ತದೆ: 'ನಳಿಕೆಯ ಮೇಲೆ ಕಿರೀಟವಿದ್ದರೆ ಅದು ಇಂಗ್ಲೆಂಡಿನ ರಾಜಮನೆತನಕ್ಕಾಗಿ ಮಾಡಿದ ರೈಫಲ್.' ಇದು ತಪ್ಪು.

ಆ ಕಿರೀಟ ಪರೀಕ್ಷಾ ಮುದ್ರೆಯ ಭಾಗ. ಮಾಮೂಲಿಗಿಂತ ಹೆಚ್ಚು ಮದ್ದು ತುಂಬಿ ಹಾರಿಸಿ, ನಳಿಕೆ ಸಿಡಿಯದೆ ಉಳಿದರೆ ಒತ್ತುವ ಗುರುತು. ಬರ್ಮಿಂಗ್‌ಹ್ಯಾಮ್‌ನಲ್ಲಿ 1813ರಿಂದ ಇದಕ್ಕೆಂದೇ ಪರೀಕ್ಷಾಲಯವಿದೆ. ಅಲ್ಲಿ ಸಾಮಾನ್ಯ ರೈತನ ಕೋವಿಗೂ ಕಿರೀಟ ಬೀಳುತ್ತಿತ್ತು.

ಕಿರೀಟ ಬ್ರಿಟನ್ನಿನ ಸೊತ್ತೂ ಅಲ್ಲ. ಜರ್ಮನಿಯಲ್ಲಿ 1891ರ ಕಾನೂನಿನ ಪ್ರಕಾರ ಕಿರೀಟದ ಕೆಳಗೆ ಬಿ, ಯು, ಜಿ ಅಕ್ಷರಗಳನ್ನು ಒತ್ತುತ್ತಿದ್ದರು. ಬಿ ಎಂದರೆ ಹಾರಿಸಿ ನೋಡಿದ್ದು, ಯು ಎಂದರೆ ಆಮೇಲೆ ತಪಾಸಣೆ ಮಾಡಿದ್ದು, ಜಿ ಎಂದರೆ ಒಳಗೆ ಸುರುಳಿ ಗೀರುಳ್ಳ ನಳಿಕೆ. ಬೆಲ್ಜಿಯಂನ ಲಿಯೇಜ್ ನಗರದ್ದಾದರೆ ಮೊಟ್ಟೆಯಾಕಾರದೊಳಗೆ ಇಎಲ್‌ಜಿ ಎಂದಿರುತ್ತದೆ. 1893ರ ನಂತರ ಅದರ ಮೇಲೂ ಕಿರೀಟ ಕೂತಿತು. 'ವಿಲಾಯತಿ ಕೋವಿ' ಎಂದು ಮೀಸೆ ತಿರುವುವವರಲ್ಲಿ ಕೆಲವರ ಕೈಯಲ್ಲಿರುವುದು ಲಿಯೇಜಿನ ಸರಕು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ಅಲ್ಲಿನ ಕಮ್ಮಾರರು ಸಾಮಾನ್ಯರಲ್ಲ.

ಇನ್ನೊಂದು ಮಾತು. ಮುದ್ರೆ ಹೇಳುವುದು ಪರೀಕ್ಷೆ ನಡೆದ ಊರನ್ನು, ತಯಾರಾದ ಊರನ್ನಲ್ಲ. 1925ರ ನಿಯಮಗಳ ಬಳಿಕ ಬ್ರಿಟನ್ನಿನಲ್ಲಿ ಪರೀಕ್ಷೆಯಾದ ಹೊರನಾಡಿನ ಕೋವಿಗಳ ಮೇಲೆ 'ನಾಟ್ ಇಂಗ್ಲಿಷ್ ಮೇಕ್' ಎಂದೇ ಕೆತ್ತುತ್ತಿದ್ದರು. ಮುಖ್ಯ ಗುರುತುಗಳು ಎಷ್ಟೋ ಸಲ ನಳಿಕೆಯ ಅಡಿಯಲ್ಲಿ, ಮರದ ಮರೆಯಲ್ಲಿರುತ್ತವೆ. ಪರವಾನಗಿ ಇರುವ ಕೋವಿ ರಿಪೇರಿಯವರಿಂದಲೇ ಬಿಚ್ಚಿಸಿ ನೋಡಿ.