ಇಟಾಲಿಯನ್ ಓದುವ ಬಳ್ಳಾರಿ ಹುಡುಗಿಯ ಪರವಾಗಿ

ಇಂಗ್ಲೆಂಡಿನಲ್ಲಿರುವ ನನ್ನ ತಂಗಿಯ ಮಗಳು ಎ-ಲೆವೆಲ್‌ಗೆ ಆರಿಸಿಕೊಂಡ ಮೂರು ವಿಷಯಗಳಲ್ಲಿ ಇಟಾಲಿಯನ್ ಕೂಡ ಒಂದು ಎಂಬ ಸುದ್ದಿ ಬಳ್ಳಾರಿಗೆ ತಲುಪಿದಾಗಿನಿಂದ ನಮ್ಮ ಬಂಧುಬಳಗದಲ್ಲಿ ಒಂದೇ ಮಾತು: ಅದನ್ನು ಓದಿ ಏನು ಮಾಡುತ್ತಾಳೆ? ಎ-ಲೆವೆಲ್ ಎಂದರೆ ಹೆಚ್ಚುಕಡಿಮೆ ನಮ್ಮ ಪಿಯುಸಿ. ಎರಡು ವರ್ಷದ ಓದು, ಅದರ ಮೇಲೆಯೇ ವಿಶ್ವವಿದ್ಯಾಲಯದ ಪ್ರವೇಶ. ಅಂಥ ಹೊತ್ತಿನಲ್ಲಿ ಮೂರರಲ್ಲೊಂದನ್ನು ಹೀಗೆ 'ವ್ಯರ್ಥ' ಮಾಡಿಕೊಳ್ಳುವುದೇ ಎಂಬುದು ಹಿರಿಯರ ಚಿಂತೆ.

ಈ ಚಿಂತೆ ಎಲ್ಲಿಂದ ಹುಟ್ಟುತ್ತದೆಂದು ಪಿಯು ತರಗತಿಗೆ ಕನ್ನಡ ಪಾಠ ಮಾಡುವ ನನಗೆ ಗೊತ್ತು. ಪ್ರವೇಶದ ದಿನಗಳಲ್ಲಿ ನಮ್ಮ ಕೊಠಡಿಯ ಮುಂದೆ ನಿಲ್ಲುವ ಪೋಷಕರು ಭಾಷೆಯ ಬಗ್ಗೆ ಕೇಳುವುದು ಒಂದನ್ನೇ: "ಸರ್, ಯಾವುದ್ರಾಗ ಜಾಸ್ತಿ ಮಾರ್ಕ್ಸ್ ಬರ್ತಾವ್ರಿ?" ನಮ್ಮ ಮಂಡಳಿಯ ಭಾಷಾಪಟ್ಟಿಯಲ್ಲಿ ಸಂಸ್ಕೃತ, ಉರ್ದು, ತೆಲುಗು, ಅರೇಬಿಕ್ ಮಾತ್ರವಲ್ಲ, ಫ್ರೆಂಚ್ ಕೂಡ ಇದೆ. ಇಟಾಲಿಯನ್ ಇಲ್ಲ. ಪಟ್ಟಿಯಲ್ಲಿ ಏನಿದ್ದರೂ ಭಾಷೆ ನಮಗೆ ಶೇಕಡಾವಾರು ಏರಿಸುವ ಸಾಧನವಾಗಿಬಿಟ್ಟಿದೆ. ಆದ್ದರಿಂದ ಒಂದು ಭಾಷೆಯನ್ನು ಭೌತಶಾಸ್ತ್ರದಷ್ಟೇ ಗಟ್ಟಿಯಾಗಿ ಓದಬಹುದು ಎಂಬ ಕಲ್ಪನೆಯೇ ನಮ್ಮವರಿಗೆ ಕಷ್ಟ.

ಆ ಪರೀಕ್ಷೆ ಏನನ್ನು ಕೇಳುತ್ತದೆ ಎಂದು ನೋಡಿದ ಮೇಲೆ ನಾನಂತೂ ಹುಡುಗಿಯ ಪಕ್ಷ ಸೇರಿದೆ. ಕೇಳಿ ಅರ್ಥಮಾಡಿಕೊಳ್ಳುವುದು, ಓದುವುದು, ಎರಡೂ ದಿಕ್ಕಿಗೆ ಅನುವಾದ ಮಾಡುವುದು ಸರಿಯೇ. ಅದರ ಜೊತೆಗೆ ಎರಡು ಕೃತಿಗಳ ಮೇಲೆ, ಬೇಕಾದರೆ ಒಂದು ಪುಸ್ತಕ ಮತ್ತು ಒಂದು ಚಲನಚಿತ್ರದ ಮೇಲೆ, ಇಟಾಲಿಯನ್ನಿನಲ್ಲೇ ವಿಮರ್ಶಾ ಪ್ರಬಂಧ ಬರೆಯಬೇಕು. ಫ್ಯಾಸಿಸಂನಿಂದ ಇಂದಿನವರೆಗಿನ ಇಟಲಿಯ ರಾಜಕೀಯ, ವಲಸೆ, ಉತ್ತರ-ದಕ್ಷಿಣಗಳ ಅಂತರ ಇವೆಲ್ಲ ಪಠ್ಯದ ವಸ್ತು. ಒಟ್ಟು ಅಂಕದ ಶೇಕಡಾ 30 ಮಾತಿನ ಪರೀಕ್ಷೆಗೆ ಮೀಸಲು. ಅದರಲ್ಲಿ ವಿದ್ಯಾರ್ಥಿ ತಾನೇ ಆರಿಸಿಕೊಂಡ ಒಂದು ಪ್ರಶ್ನೆಯ ಬಗ್ಗೆ ಇಟಾಲಿಯನ್ ಮೂಲಗಳನ್ನು ಓದಿ, ಮೊದಲು ಎರಡು ನಿಮಿಷ ವಿಷಯ ಮಂಡಿಸಿ, ಬಳಿಕ ಪರೀಕ್ಷಕರ ಪ್ರಶ್ನೆಗಳಿಗೆ ಉತ್ತರಿಸಬೇಕು. ಯಾವ ಗೈಡೂ ಇಲ್ಲಿ ಕೈಹಿಡಿಯುವುದಿಲ್ಲ.

ನಮ್ಮ ಹುಡುಗಿ ಆರಿಸಿಕೊಂಡಿರುವುದು ಚೆಸಾರೆ ಫೆದೆರಿಚಿ ಎಂಬ ವೆನಿಸ್ಸಿನ ವರ್ತಕನನ್ನು. ತಾಳಿಕೋಟೆ ಯುದ್ಧ ಮುಗಿದ ಎರಡೇ ವರ್ಷಕ್ಕೆ, 1567ರಲ್ಲಿ, ವಿಜಯನಗರಕ್ಕೆ ಬಂದು ಏಳು ತಿಂಗಳು ಅಲ್ಲಿದ್ದ ಮನುಷ್ಯ ಈತ. ಇವನ ಪ್ರವಾಸಕಥನ 1587ರಲ್ಲಿ ವೆನಿಸ್ಸಿನಲ್ಲಿ ಅಚ್ಚಾಯಿತು. ಗೆದ್ದ ಸುಲ್ತಾನರ ಪಡೆಗಳು ಆರು ತಿಂಗಳು ನಗರದಲ್ಲೇ ಉಳಿದು, ಮನೆಗಳ ಅಡಿಯನ್ನೂ ಬಿಡದೆ ಹಣಕ್ಕಾಗಿ ಹುಡುಕಿದವು ಎಂದು ಅವನು ಬರೆಯುತ್ತಾನೆ. ನಗರ ಪೂರ್ತಿ ನೆಲಸಮವಾಗಿಲ್ಲ, ಮನೆಗಳು ನಿಂತಿವೆ, ಆದರೆ ಬರಿದಾಗಿವೆ, ಒಳಗೆ ಹುಲಿ ಮುಂತಾದ ಕಾಡುಪ್ರಾಣಿಗಳಿವೆಯೆಂದು ಜನ ಹೇಳುತ್ತಾರೆ ಎಂಬ ಅವನ ಮಾತು ಹಂಪಿಯ ಬಗ್ಗೆ ಬರೆಯುವವರೆಲ್ಲ ಎತ್ತಿಕೊಳ್ಳುವಂಥದ್ದು. (ಹಂಪಿ 2021ರಿಂದ ವಿಜಯನಗರ ಜಿಲ್ಲೆಯದು, ಒಪ್ಪಿದೆ, ಬಳ್ಳಾರಿಯವರ ಬಾಯಲ್ಲಿ ಅದಿನ್ನೂ ನಮ್ಮದೇ.) ಮೊನ್ನೆ ಅವಳು ಫೋನಿನಲ್ಲಿ ಕೇಳಿದಳು: "ಮಾಮಾ, ಹುಲಿ ಇವೆ ಅಂತ ಜನ ಹೇಳ್ತಾರೆ ಅಂತಾನಲ್ಲ, ಹಾಗಾದ್ರೆ ಅವನು ಕಣ್ಣಾರೆ ನೋಡಿದ್ದೆಷ್ಟು, ಕೇಳಿ ಬರೆದಿದ್ದೆಷ್ಟು?" ಹದಿನೇಳರ ಹುಡುಗಿ ಒಂದು ಆಕರವನ್ನು ಹೀಗೆ ಹಿಡಿದು ಪ್ರಶ್ನಿಸುವುದನ್ನು ನನ್ನ ತರಗತಿಯಲ್ಲಿ ನಾನು ಅಪರೂಪಕ್ಕೂ ಕಂಡಿಲ್ಲ. ತಪ್ಪು ಮಕ್ಕಳದಲ್ಲ. ಅಂಥ ಪ್ರಶ್ನೆಗೆ ನಮ್ಮಲ್ಲಿ ಅಂಕವಿಲ್ಲ.

ಇನ್ನೊಂದು ಮಾತು. ಈ ಭಾಷೆ ನಮ್ಮ ಕಡೆಯ ಮಕ್ಕಳ ನಾಲಿಗೆಗೆ ಅಷ್ಟೇನೂ ದೂರವಲ್ಲ. ಇಟಾಲಿಯನ್ನಿನಲ್ಲಿ ಬಹುತೇಕ ಪದಗಳು ಸ್ವರದಲ್ಲೇ ಮುಗಿಯುತ್ತವೆ, ಬರೆದಂತೆಯೇ ಉಚ್ಚಾರ, ಒತ್ತಕ್ಷರವನ್ನು ಒತ್ತಿಯೇ ನುಡಿಯಬೇಕು. ಇಂಗ್ಲಿಷ್ ಮನೆಮಾತಿನ ಸಹಪಾಠಿಗಳು ತಡವರಿಸುವ ಒತ್ತುಗಳನ್ನು ಇವಳು ಸಲೀಸಾಗಿ ಹೇಳುತ್ತಾಳಂತೆ. ಹೇಳದೆ ಏನು, ಕೌಲ್ ಬಜಾರಿನ ಅಜ್ಜಿಯ ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು, ಅಂಗಡಿಯಲ್ಲಿ ಉರ್ದು ಕೇಳಿಕೊಂಡು ರಜೆ ಕಳೆದ ಮಗು ಅದು. ರಾಯಚೂರಿನ ಮಕ್ಕಳಿಗೂ ಇದೇ ಭಾಗ್ಯವಿದೆ; ಅದನ್ನು ನಾವು ಅರ್ಹತೆಯೆಂದು ಎಣಿಸುವುದೇ ಇಲ್ಲ. ಕಷ್ಟವಿರುವುದು ವ್ಯಾಕರಣದಲ್ಲಿ: ಮೇಜಿಗೂ ಪುಸ್ತಕಕ್ಕೂ ಲಿಂಗ, ಸಂಶಯಕ್ಕೆ ಬೇರೆ ಕ್ರಿಯಾರೂಪ, ಹಳೆಯ ಬರಹದಲ್ಲಿ ಬೇರೆಯೇ ಭೂತಕಾಲ.

ತೊಡಕುಗಳಿಲ್ಲವೆಂದಲ್ಲ. ಅಲ್ಲಿ ಇಟಾಲಿಯನ್ ತೆಗೆದುಕೊಳ್ಳುವವರ ಸಂಖ್ಯೆಯೇ ಚಿಕ್ಕದು, ಅವರಲ್ಲೂ ಮನೆಯಲ್ಲಿ ಇಟಾಲಿಯನ್ ಆಡುವ ಮಕ್ಕಳಿರುತ್ತಾರೆ. ಹೊಸದಾಗಿ ಕಲಿತವರು ಅವರೊಡನೆ ಒಂದೇ ಸಾಲಿನಲ್ಲಿ ಪರೀಕ್ಷೆಗೆ ಕೂರಬೇಕು. ಇದು ನನಗೆ ನ್ಯಾಯವಾಗಿ ಕಾಣುವುದಿಲ್ಲ. ಉದ್ಯೋಗದ ಪ್ರಶ್ನೆಗೆ ನನ್ನ ಉತ್ತರ ಚಿಕ್ಕದು. ತೋರಣಗಲ್ಲಿನಲ್ಲಿ ಉಕ್ಕು ಮಾಡುವ ಜೆಎಸ್‌ಡಬ್ಲ್ಯು 2018ರಲ್ಲಿ ಇಟಲಿಯ ಪಿಯೊಂಬಿನೊ ಊರಿನ ಉಕ್ಕಿನ ಕಾರ್ಖಾನೆಯನ್ನು ಕೊಂಡುಕೊಂಡಿತು. ಇಟಲಿಯ ಸರ್ಕಾರಿ ವಿಶ್ವವಿದ್ಯಾಲಯಗಳು ಕುಟುಂಬದ ಆದಾಯ ನೋಡಿ ಶುಲ್ಕ ನಿಗದಿ ಮಾಡುತ್ತವೆ. ಭಾಷೆ ಬಲ್ಲವರಿಗೆ ದಾರಿ ಇಲ್ಲವೆನ್ನುವವರು ಇವೆರಡನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಬಳ್ಳಾರಿಯ ಕಾಲೇಜುಗಳಲ್ಲಿ ನಾಳೆಯೇ ಇಟಾಲಿಯನ್ ಆರಂಭಿಸಿ ಎಂದು ನಾನು ಕೇಳುತ್ತಿಲ್ಲ. ಇರುವ ವಿಷಯಗಳಿಗೇ ಉಪನ್ಯಾಸಕರು ಸಾಲದ ಕಡೆ ಅದು ತಮಾಷೆಯಾದೀತು. ಆದರೆ ಈಗ ನಮ್ಮ ಪಿಯುಸಿ ಭಾಷೆಗಳಿಗೂ 20 ಆಂತರಿಕ ಅಂಕಗಳು ಬಂದಿವೆ, ಅದರಲ್ಲಿ ಯೋಜನಾ ಕಾರ್ಯವೂ ಸೇರಿದೆ. ಬಹಳ ಕಡೆ ಅದು ಅಂತರ್ಜಾಲದಿಂದ ಇಳಿಸಿಕೊಂಡ ನಾಲ್ಕು ಹಾಳೆ, ಮೇಲೊಂದು ಬಣ್ಣದ ರಟ್ಟು. ಆ ರಟ್ಟಿನ ಬದಲು ಐಚ್ಛಿಕ ಕನ್ನಡದ ವಿದ್ಯಾರ್ಥಿ ಕಂಪ್ಲಿಯ ಕೋಟೆಯದೋ ಆನೆಗೊಂದಿಯದೋ ಒಂದು ಶಾಸನದ ಪಾಠವನ್ನು ಓದಿ, ತನ್ನದೇ ಪ್ರಶ್ನೆಯೊಂದಿಗೆ ಬಂದು, ಬೇರೆ ಕಾಲೇಜಿನ ಉಪನ್ಯಾಸಕರೊಬ್ಬರ ಎದುರು ಹತ್ತು ನಿಮಿಷ ಕನ್ನಡದಲ್ಲಿ ಮಾತಾಡಲಿ. ಇದಕ್ಕೆ ಹೊಸ ಹುದ್ದೆಯಾಗಲಿ ಅನುದಾನವಾಗಲಿ ಬೇಕಿಲ್ಲ. ಅಕ್ಕಪಕ್ಕದ ಎರಡು ಕಾಲೇಜಿನವರು ಒಪ್ಪಿ ದಿನ ಗೊತ್ತುಮಾಡಿಕೊಂಡರಾಯಿತು. ನಮ್ಮ ಜಿಲ್ಲೆಯ ಸಹೋದ್ಯೋಗಿಗಳಲ್ಲಿ ಯಾರಿಗಾದರೂ ಮನಸ್ಸಿದ್ದರೆ ಈ ವರ್ಷವೇ ಮಾಡಿ ನೋಡೋಣ.